ಗುಳ್ಳೆ ಕದ್ದವರು ಯಾರು?

ಆರನೆಯ ಕಂತು

"ಶ್! ಯಾರೂ ಮಾತಾಡ್ಬೇಡಿ," ಎಂದಳು ಸುನಂದಾ. "ಇದು ಮಾತಾಡುತ್ತಾ ನೋಡೋಣ."

"ಯಾವುದು?" ಎಂದೆ.

"ಶಾಂಪೇನು."

ನನ್ನ ಹೆಂಡತಿ ಶಾಂಪೇನ್ ತುಂಬಿದ ಉದ್ದನೆಯ ಗ್ಲಾಸನ್ನು ಬಾಯಿಗಿಡದೆ ಕಿವಿಗಿಟ್ಟುಕೊಂಡಿದ್ದಳು. ಮೈಸೂರಿನ ಆಹಾರ ಪ್ರಯೋಗಾಲಯವೊಂದರಲ್ಲಿ ಪಳಗಿದವಳು ಅವಳು. ವಾಸನೆ, ಬಣ್ಣ, ಸದ್ದು ಇಷ್ಟರಲ್ಲೇ ಕೇಸು ಮುಗಿಸುತ್ತಾಳೆ. ಮದ್ಯವನ್ನು ಈವರೆಗೆ ನಾಲಿಗೆಗೆ ಸೋಕಿಸಿಲ್ಲ. ನಾಲಿಗೆ ಬೇಕಾದಾಗ ನನ್ನದನ್ನು ಬಳಸುತ್ತಾಳೆ.

ನಾನು ಬದರಿನಾಥ. ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವವನು, ಈ ತನಿಖೆಗೆಂದೇ ರಜೆ ಹಾಕಿದ್ದೆ. ಹೆಂಡತಿಯ ಅಪ್ಪಣೆಯ ಮೇರೆಗೆ ಹಾಡಹಗಲೇ ಶಾಂಪೇನ್ ಕುಡಿಯುವ ಯೋಗ ಈ ಪರದೇಶದ ಹೌಗಾಂಗ್ ಬಡಾವಣೆಯ ನಮ್ಮ ಬ್ಲಾಕಿನಲ್ಲಿ ಇನ್ನೊಬ್ಬ ಗಂಡನಿಗೆ ಇದ್ದಂತಿಲ್ಲ.

"ಇದು ಸತ್ತಿದೆ," ಎಂದು ಸುನಂದಾ ಗ್ಲಾಸನ್ನು ಕೆಳಗಿಟ್ಟಳು. ಪಕ್ಕದಲ್ಲಿದ್ದ ಇನ್ನೊಂದನ್ನು ಕಿವಿಗೆ ಹಿಡಿದಳು. ಅವಳ ಮುಖ ಅರಳಿತು. "ಇದು ನೋಡಿ, ಚಟಪಟ ಅಂತಿದೆ."

ಎರಡಕ್ಕೂ ಒಂದೇ ಬಾಟಲಿಯಿಂದ ಈಗಷ್ಟೇ ಸುರಿದದ್ದು. ಒಂದು ಗ್ಲಾಸ್ ಲಂಡನ್ ವಿಮಾನದಿಂದ ಇಳಿದದ್ದು, ಇನ್ನೊಂದು ಬೆಂಗಳೂರು ವಿಮಾನದಿಂದ. ಲಂಡನ್ನಿನದರಲ್ಲಿ ಗುಳ್ಳೆಗಳು ಸಾಲುಗಟ್ಟಿ ಮೇಲೇರುತ್ತಿದ್ದವು. ಬೆಂಗಳೂರಿನದರಲ್ಲಿ ನಾಲ್ಕಾರು ಗುಳ್ಳೆಗಳು ಬೇಸರದಿಂದ ಎದ್ದು ಒಡೆದುಹೋದವು.

ಲಾಯಾಂಗ್ ಏರ್‌ವೇಸಿನ ಬಿಸಿನೆಸ್ ಕ್ಲಾಸಿನವರ ದೂರೂ ಇದೇ: ಬೆಂಗಳೂರಿನ ದಾರಿಯಲ್ಲಿ ಮಾತ್ರ ಶಾಂಪೇನ್ ಚಪ್ಪೆ, ಮೇಲಾಗಿ ಏನೋ ವಾಸನೆ. ಯಾರೋ ಬಾಟಲಿ ಬದಲಿಸುತ್ತಿದ್ದಾರೆಂದು ನಾವು ಕಳೆದ ವಾರವೆಲ್ಲ ಕಾರ್ಕು, ಸೀಲು ಎಂದು ತಲೆ ಕೆಡಿಸಿಕೊಂಡಿದ್ದೆವು.

"ಬಾಟಲಿ ನಿರಪರಾಧಿ," ಎಂದಳು ಸುನಂದಾ. "ತಪ್ಪು ಗ್ಲಾಸಿಂದು."

ಯಶ್ಮಿತಾ ತನ್ನ ಆಫೀಸಿನ ಕುರ್ಚಿಯಿಂದ ಎದ್ದೇಬಿಟ್ಟಳು. "ಅಂದ್ರೆ ನನ್ನ ವೈನ್ ಸರಿ ಇದೆಯಾ ಆಂಟಿ?"

"ನಿನ್ನ ವೈನ್ ಬಂಗಾರ ಕಣಮ್ಮ. ಹಾಗಂತ ಇವರ ನಾಲಿಗೆ ಹೇಳ್ತಿದೆ."

ನಾನು ಗಂಭೀರವಾಗಿ ತಲೆಯಾಡಿಸಿ, ಸಾಕ್ಷಿ ಗಟ್ಟಿಯಾಗಲೆಂದು ಲಂಡನ್ ಗ್ಲಾಸನ್ನು ಪೂರ್ತಿ ಮುಗಿಸಿದೆ.

ಯಶ್ಮಿತಾ ಉಡುಪಿಯ ಹುಡುಗಿ, ಲಾಯಾಂಗ್‌ನಲ್ಲಿ ಪಾನೀಯಗಳ ಆಯ್ಕೆ ಅವಳದು. ದೊಡ್ಡ ಹೆಸರಿನ ಕಂಪನಿಗಳನ್ನೆಲ್ಲ ಬಿಟ್ಟು, ಫ್ರಾನ್ಸಿನ ಮೂಲೆಯಲ್ಲಿ ಅಕ್ಕತಂಗಿಯರಿಬ್ಬರು ಸ್ವಂತ ತೋಟದ ದ್ರಾಕ್ಷಿಯಿಂದ ಮಾಡುವ ಶಾಂಪೇನನ್ನು ಹಟ ಹಿಡಿದು ತರಿಸಿದ್ದಳು. ಅದು ಕಳಪೆಯೆಂದು ಮಧ್ಯಾಹ್ನದ ಮೀಟಿಂಗಿನಲ್ಲಿ ತೀರ್ಮಾನವಾದರೆ ಅವಳ ಕೆಲಸ ಹೋಗುತ್ತದೆ. ಕೆಲಸದ ಜೊತೆಗೇ ಈ ದೇಶದಲ್ಲಿರಲು ಬೇಕಾದ ವರ್ಕ್ ಪಾಸ್ ಹೋಗುತ್ತದೆ. ಯಿಶುನ್‌ನ ಮನೆ, ಮಗಳು ಶ್ರೀಯಾಳ ಶಾಲೆ, ಎಲ್ಲ ಬಿಟ್ಟು ಗಂಟುಮೂಟೆ ಕಟ್ಟಬೇಕು. ಆ ಹುಡುಗಿಯ ಮುಖದಲ್ಲಿ ಇಷ್ಟು ದಿನಕ್ಕೆ ನಗು ಕಂಡು ನನಗೆ ನಿಜವಾಗಿ ಸಂತೋಷವಾಯಿತು.

"ಕುಣೀಬೇಡ, ಇನ್ನೂ ವಾಸನೆ ಬಾಕಿ ಇದೆ," ಎಂದಳು ಸುನಂದಾ. "ಆ ಪಂಡಿತರು ಏನು ಬರೆದಿದ್ರು?"

ವೈನ್ ಪರೀಕ್ಷೆಗೆಂದು ಕಂಪನಿ ಕರೆಸಿದ್ದ ಪರಿಣತರೊಬ್ಬರ ಅಭಿಪ್ರಾಯವನ್ನು ಯಶ್ಮಿತಾ ಫೋನಿನಲ್ಲಿ ಹುಡುಕಿ ಓದಿದಳು. "ಮಳೆಬಿದ್ದ ಕಾಡಿನ ನೆಲ. ಅಪರೂಪದ ಅಣಬೆ. ದೂರದಲ್ಲೆಲ್ಲೋ ಬೆಳ್ಳುಳ್ಳಿಯ ಛಾಯೆ. ದ್ರಾಕ್ಷಿ ಕೊಳೆತಿರಬಹುದು."

ಸುನಂದಾ ಬೆಂಗಳೂರಿನ ಗ್ಲಾಸನ್ನು ಸಿಂಕಿಗೆ ಬಗ್ಗಿಸಿದಳು. ನನ್ನ ಕರುಳು ಚುರ್ ಎಂದಿತು. ಕೆಟಲ್ಲಿನಿಂದ ತುಸು ಬಿಸಿನೀರು ಹಾಕಿ, ಅಂಗೈ ಮುಚ್ಚಿ ಕುಲುಕಿ, ಮೂಗಿನ ಹತ್ತಿರ ಹಿಡಿದಳು. ಆಮೇಲೆ ನಗಲು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು.

"ರೀ, ಮೂಸಿ."

ಮೂಸಿದೆ. ಅದೇನು ಮಾಯೆಯೋ, ಒಮ್ಮೆಲೇ ಹೊಟ್ಟೆ ಹಸಿಯಿತು. ನಾದಿನಿಯ ಮದುವೆಯ ಊಟದ ಪಂಕ್ತಿ ಕಣ್ಣೆದುರು ಬಂತು.

"ಇಂಗು!" ಎಂದೆ.

"ಇಂಗೇ. ಎಣ್ಣೇಲಿ ಹುರಿದ ಇಂಗು, ಜೊತೆಗೆ ಸಾಸಿವೆ. ಬೆಂಗಳೂರಿಗೆ ಹೋಗೋ ಶಾಂಪೇನಿಗೆ ಯಾರೋ ಒಗ್ಗರಣೆ ಕೊಟ್ಟಿದ್ದಾರೆ."

ಯಶ್ಮಿತಾ ಗ್ಲಾಸನ್ನು ಕಸಿದುಕೊಂಡು ಮೂಸಿದಳು. ನಮ್ಮಿಬ್ಬರ ಮುಖ ನೋಡಿದಳು. ಇಂಗು ತಿಂದ ಮಂಗ ಅಂತಾರಲ್ಲ, ಆ ಮುಖವನ್ನು ಅಂದು ಕಣ್ಣಾರೆ ನೋಡಿದೆ.

ಸುನಂದಾ ಅಷ್ಟರಲ್ಲಿ ಗ್ಲಾಸನ್ನು ತಲೆಕೆಳಗು ಮಾಡಿದ್ದಳು. ಗ್ಲಾಸಿನ ಪಾದದ ಅಡಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಹಳದಿ ಚುಕ್ಕೆಯೊಂದನ್ನು ಅಂಟಿಸಲಾಗಿತ್ತು. ಲಂಡನ್ ಗ್ಲಾಸಿನ ಅಡಿಯಲ್ಲಿ ಏನೂ ಇರಲಿಲ್ಲ.

"ಈ ಕಟ್ಟಡದಲ್ಲಿ ಒಗ್ಗರಣೆ ಹಾಕೋರು ಯಾರು?"

"ಪ್ರತಾಪ್," ಎಂದಳು ಯಶ್ಮಿತಾ. "ಕೆಳಗಡೆ ವೆಜ್ ಕಿಚನ್ನು ಅವರದ್ದೇ. ಬೆಂಗಳೂರು ಫ್ಲೈಟಿನ ಟ್ರಾಲಿ ಪ್ಯಾಕ್ ಮಾಡಿಸೋದೂ ಅವರೇ."

ಚಾಂಗಿ ನಿಲ್ದಾಣದ ವಿಮಾನಗಳಿಗೆ ಊಟ ಕಟ್ಟುವ ಆ ಕಟ್ಟಡದ ಮೊದಲ ಮಹಡಿಯಲ್ಲಿ ನಮ್ಮವರ ಗಾಳಿ ಬೀಸುತ್ತದೆ. ಲಿಫ್ಟಿನ ಬಾಗಿಲು ತೆರೆಯುತ್ತಿದ್ದಂತೆಯೇ ಕರಿಬೇವಿನ ವಾಸನೆ ಬಂದು ಕೈಹಿಡಿದುಕೊಂಡು ಹೋಯಿತು. ಪ್ರತಾಪ್ ಬಸವನಗುಡಿಯವನು, ಬಿಳಿ ಟೋಪಿ ಹಾಕಿಕೊಂಡ ದುಂಡುಮುಖದ ಮನುಷ್ಯ. ನಮ್ಮನ್ನು ಕಂಡದ್ದೇ ತಡ, ಜಗ್ಗಿನಿಂದ ಮೂರು ಲೋಟ ನೀರುಮಜ್ಜಿಗೆ ಸುರಿದ.

"ಫಸ್ಟ್ ಇದನ್ನ ಕುಡೀರಿ. ಆಮೇಲೆ ಎಷ್ಟು ಬೇಕಾದ್ರೂ ಎನ್‌ಕ್ವೈರಿ ಮಾಡಿ."

ಕುಡಿದೆವು. ಸತ್ಯ ಹೇಳಬೇಕೆಂದರೆ, ಬೆಳಗಿನಿಂದ ಕುಡಿದ ಶಾಂಪೇನಿಗಿಂತ ಅದೇ ಚೆನ್ನಾಗಿತ್ತು. ಶುಂಠಿ, ಕೊತ್ತಂಬರಿ, ಮೇಲೆ ತೇಲುವ ಒಗ್ಗರಣೆ.

"ಇದನ್ನ ಫ್ಲೈಟಲ್ಲೂ ಕೊಡ್ತೀರಾ?" ಸುನಂದಾ ಕೇಳಿದಳು.

"ಬೆಂಗಳೂರು ಫ್ಲೈಟಲ್ಲಿ ಮಾತ್ರ ಮೇಡಂ. ಬಿಸಿನೆಸ್ ಕ್ಲಾಸಲ್ಲಿ ಸೀಟಲ್ಲಿ ಕೂತ ತಕ್ಷಣ ವೆಲ್‌ಕಮ್ ಡ್ರಿಂಕ್. ನಮ್ಮಮ್ಮನ ರೆಸಿಪಿ. ಕಣ್ಣಲ್ಲಿ ನೀರು ಹಾಕ್ಕೊಂಡೋರೂ ಇದ್ದಾರೆ, ಗೊತ್ತಾ?"

ಅದು ಹೌದು. ಶಾಂಪೇನ್ ಬಗ್ಗೆ ಕಿಡಿಕಾರಿದ ಪ್ರಯಾಣಿಕರೇ ಕೊನೆಯಲ್ಲಿ ಮಜ್ಜಿಗೆ ಮಾತ್ರ ಸೂಪರ್, ಎರಡನೇ ಸಲ ಕೇಳಿ ಹಾಕಿಸಿಕೊಂಡೆವು ಎಂದು ಬರೆದಿದ್ದರು. ನಾವು ಅದನ್ನು ಓದಿ ನಕ್ಕು ಬದಿಗಿಟ್ಟಿದ್ದೆವು.

"ಯಾವ ಗ್ಲಾಸಲ್ಲಿ ಕೊಡ್ತೀರಾ?"

"ಉದ್ದ ಗ್ಲಾಸಲ್ಲಿ. ಪೇಪರ್ ಕಪ್ಪಲ್ಲಿ ಕೊಟ್ರೆ ಮರ್ಯಾದೆ ಇರುತ್ತಾ?"

ಸುನಂದಾ ಹಳದಿ ಚುಕ್ಕೆಯ ಗ್ಲಾಸನ್ನು ಅವನ ಮುಂದಿಟ್ಟಳು. "ಈ ಚುಕ್ಕೆ ನೀವು ಹಾಕಿದ್ದಾ?"

"ನಾನೇ." ಅವನ ದನಿಯಲ್ಲಿ ಹೆಮ್ಮೆಯಿತ್ತು. "ಮಜ್ಜಿಗೆ ಗ್ಲಾಸ್ ಬೇರೆ, ವೈನ್ ಗ್ಲಾಸ್ ಬೇರೆ. ನಮ್ಮ ಪ್ಯಾಸೆಂಜರ್ಸಲ್ಲಿ ಎಷ್ಟೋ ಜನ ಆಚಾರವಂತರು ಇರ್ತಾರೆ. ಹಿಂದಿನ ದಿನ ಯಾರೋ ವೈನ್ ಕುಡಿದ ಗ್ಲಾಸಲ್ಲಿ ಅವರಿಗೆ ಮಜ್ಜಿಗೆ ಕೊಟ್ರೆ ಪಾಪ ಯಾರಿಗೆ? ಅದಕ್ಕೇ ಈ ಗ್ಲಾಸುಗಳನ್ನ ವೈನ್ ಗ್ಲಾಸ್ ತೊಳೆಯೋ ಮಷೀನಿಗೂ ಹಾಕಲ್ಲ. ಇಲ್ಲೇ ಕೈಯಲ್ಲಿ ತೊಳೆಸ್ತೀನಿ."

"ಬಿಸಿನೀರಲ್ಲಾ?"

"ತಣ್ಣೀರಲ್ಲಿ. ತೆಳು ಗಾಜು, ಬಿಸಿ ತಗೊಳ್ಳಲ್ಲ."

ನನ್ನ ಹೆಂಡತಿ ಒಂದು ಸ್ಟೂಲ್ ಎಳೆದುಕೊಂಡು ಕುಳಿತಳು. ಅವಳು ಕುಳಿತಳೆಂದರೆ ಎದುರಿನವರು ನಿಲ್ಲುವುದು ಕಷ್ಟ.

"ಪ್ರತಾಪ್, ಬೇಳೆ ಬೇಯಿಸುವಾಗ ಉಕ್ಕದೇ ಇರ್ಲಿ ಅಂತ ಏನು ಮಾಡ್ತೀರಿ?"

"ಒಂದು ತೊಟ್ಟು ಎಣ್ಣೆ ಬಿಡ್ತೀವಿ. ನೊರೆ ಕೂತ್ಕೊಳ್ಳುತ್ತೆ. ಅದು ಎಲ್ಲಾರಿಗೂ ಗೊತ್ತು."

"ನಿಮ್ಮ ಗ್ಲಾಸಲ್ಲಿ ಒಗ್ಗರಣೆ ಎಣ್ಣೆಯ ಪೊರೆ ಇದೆ. ತಣ್ಣೀರಿಗೆ ಅದು ಹೋಗಲ್ಲ. ಅದರ ಮೇಲೆ ಶಾಂಪೇನ್ ಹಾಕಿದ್ರೆ ಗುಳ್ಳೆ ಏಳುತ್ತಾ?"

ಪ್ರತಾಪ್ ಬೇಳೆಯ ವಿಚಾರಕ್ಕೆ ತಲೆಯಾಡಿಸಿದ್ದವನು ಶಾಂಪೇನಿನ ಮಾತಿಗೆ ಬಂದು ಗಕ್ಕನೆ ನಿಂತ. ದುಂಡುಮುಖ ಕೆಂಪಾಯಿತು.

"ಏನಂದ್ರಿ? ನನ್ನ ಮಜ್ಜಿಗೆ ಗ್ಲಾಸಿಗೆ ವೈನ್ ಹಾಕ್ತಿದ್ದಾರಾ?"

"ನಿಮಗೆ ಗೊತ್ತಿರಲಿಲ್ವಾ?"

"ಅಯ್ಯೋ ರಾಮ! ಎಲ್ಲಾ ತೊಳೆದು ಲಕ್ಷಣವಾಗಿ ವಾಪಸ್ ಬರ್ತಿತ್ತಲ್ಲ ಮೇಡಂ! ಪ್ಲೇನಲ್ಲೇ ತೊಳೆದಿಡ್ತಾರೆ, ಎಷ್ಟು ಒಳ್ಳೇ ಹುಡುಗೀರು ಅಂದ್ಕೊಂಡಿದ್ದೆ." ಅವನು ಟೋಪಿ ತೆಗೆದು ಮೇಜಿನ ಮೇಲೆ ಬಡಿದ. "ಎಷ್ಟು ಜನ ಹಿರಿಯರಿಗೆ ಆ ಗ್ಲಾಸಲ್ಲಿ ಮಜ್ಜಿಗೆ ಕುಡಿಸಿದ್ನೋ!"

ವೈನಿಗೆ ಮಜ್ಜಿಗೆ ಸೋಕಿತೆಂದು ಮೇಲಿನ ಮಹಡಿಯಲ್ಲಿ ಗೋಳು, ಮಜ್ಜಿಗೆಗೆ ವೈನ್ ಸೋಕಿತೆಂದು ಕೆಳಗಿನ ಮಹಡಿಯಲ್ಲಿ ಗೋಳು. ನಾನು ನಗು ತಡೆಯಲು ಇನ್ನೊಂದು ಲೋಟ ಮಜ್ಜಿಗೆ ಬಗ್ಗಿಸಿಕೊಂಡೆ. ಯಶ್ಮಿತಾಳಿಗೆ ಅದೂ ಆಗಲಿಲ್ಲ. ಅವಳು ಬಂದು ಸುನಂದಾಳನ್ನು ಗಟ್ಟಿಯಾಗಿ ತಬ್ಬಿಕೊಂಡಳು, ಆಮೇಲೆ ಪ್ರತಾಪನ ಕೈಯನ್ನೂ ಕುಲುಕಿದಳು.

"ಇದಕ್ಕೆ ನನ್ನ ಕೆಲಸ ಹೋಗ್ತಿತ್ತಲ್ಲ ಆಂಟಿ! ಒಗ್ಗರಣೆಗೆ!"

ಅವಳ ಫೋನು ಗುಂಯ್‌ಗುಟ್ಟಿತು. ಮೀಟಿಂಗನ್ನು ಮುಂಚಿತವಾಗಿಯೇ ಕರೆದಿದ್ದರು, ಎಲ್ಲರೂ ಈಗಲೇ ಮೇಲೆ ಬರಬೇಕಂತೆ. ಸುನಂದಾ ಏನೋ ಕೇಳಲು ಬಾಯಿ ತೆರೆದವಳು ಸುಮ್ಮನಾಗಿ, "ಪ್ರತಾಪ್, ನೀವೂ ಬನ್ನಿ. ಮಜ್ಜಿಗೆ ಜಗ್ಗೂ ಬರಲಿ," ಎಂದಳು.

ಲಿಫ್ಟಿನಲ್ಲಿ ಅವಳೊಬ್ಬಳೇ ನಗುತ್ತಿರಲಿಲ್ಲ. ಹುಬ್ಬಿನ ನಡುವೆ ಗೆರೆ ಬಿದ್ದಿತ್ತು. ಆ ಗೆರೆ ನನಗೆ ಚೆನ್ನಾಗಿ ಪರಿಚಯ, ಲೆಕ್ಕ ಸರಿಹೋಗದಿದ್ದಾಗ ಬೀಳುವಂಥದು.

ಮೀಟಿಂಗ್ ಕೋಣೆಯ ಮೇಜಿನ ತುದಿಯ ಮುಖ್ಯ ಕುರ್ಚಿಯಲ್ಲಿ ಶೋಭಾ ಮೇಡಂ ಕುಳಿತಿದ್ದರು. ಲಾಯಾಂಗ್‌ನ ಪ್ರಯಾಣಿಕರ ಸೇವೆಯೆಲ್ಲ ಅವರ ಕೈಕೆಳಗೆ. ಮೈಸೂರಿನವರೇ, ಕತ್ತರಿಸಿದ ನರೆಗೂದಲು, ನಕ್ಕರೆ ಕೋಣೆಯೆಲ್ಲ ನಗುವಂಥ ಹೆಂಗಸು. ಸುನಂದಾಳಿಗೆ ಫೋನ್ ಮಾಡಿ, ಯಾರದೇ ತಪ್ಪಿರಲಿ, ನನಗೆ ನಿಜ ಬೇಕು ಎಂದು ಈ ಕೇಸು ಒಪ್ಪಿಸಿದವರು ಅವರೇ. ಯಶ್ಮಿತಾ ಇರಬೇಕೋ ಹೋಗಬೇಕೋ ಎಂಬುದನ್ನು ತೀರ್ಮಾನಿಸುವವರೂ ಅವರೇ.

ಪಕ್ಕದಲ್ಲಿ ಖರೀದಿ ವಿಭಾಗದ ಮನೀಷ್. ಮಂಗಳೂರಿನವನು, ಇಸ್ತ್ರಿ ಮುರಿಯದ ಶರ್ಟಿನವನು. ದೊಡ್ಡ ಕಂಪನಿಯ ಶಾಂಪೇನೇ ಬೇಕೆಂದು ಮೊದಲ ದಿನದಿಂದ ಪಟ್ಟು ಹಿಡಿದಿದ್ದ. ಅಣಬೆ, ಕಾಡು, ಬೆಳ್ಳುಳ್ಳಿ ಎಂದು ಬರೆದ ಪರಿಣತರನ್ನು ಕರೆಸಿದ್ದೂ ಅವನೇ. ನನ್ನ ಅನುಮಾನದ ಪಟ್ಟಿಯಲ್ಲಿ ಒಂದೇ ಹೆಸರಿತ್ತು ಎಂದು ಬೇರೆ ಹೇಳಬೇಕಿಲ್ಲ.

ಮೀಟಿಂಗ್ ಇಂಗ್ಲಿಷಿನಲ್ಲಿ ಶುರುವಾಗಿ, ಮಜ್ಜಿಗೆ ಎಂದ ಕೂಡಲೇ ಕನ್ನಡಕ್ಕೆ ಇಳಿಯಿತು. ಸುನಂದಾ ಮತ್ತೆ ಎರಡು ಗ್ಲಾಸ್ ಇಟ್ಟಳು, ಒಂದೇ ಬಾಟಲಿಯಿಂದ ಸುರಿಸಿದಳು. ಒಂದರಲ್ಲಿ ಜಾತ್ರೆ, ಇನ್ನೊಂದರಲ್ಲಿ ಸೂತಕ. ಚುಕ್ಕೆ ತೋರಿಸಿದಳು, ಬೇಳೆಯ ಮಾತು ಹೇಳಿದಳು, ಬಿಸಿನೀರು ಹಾಕಿ ಗ್ಲಾಸನ್ನು ಎಲ್ಲರ ಮೂಗಿಗೂ ಹಿಡಿದಳು.

ಶೋಭಾ ಮೇಡಂ ಮೇಜು ಬಡಿದು ನಕ್ಕರು. "ಆ ಎಕ್ಸ್‌ಪರ್ಟ್‌ಗೆ ಯಾರಾದ್ರೂ ಒಂದು ಡಬ್ಬಿ ಇಂಗು ಕಳಿಸ್ರಪ್ಪ!"

ಮನೀಷ್ ಕೂಡ ನಕ್ಕ. ನಕ್ಕವನು ಪೆನ್ನಿನ ತುದಿಯಿಂದ ಹಳದಿ ಚುಕ್ಕೆಯನ್ನು ತಟ್ಟಿದ.

"ಮೇಡಂ, ಒಂದು ಡೌಟು. ಮಜ್ಜಿಗೆ ಗ್ಲಾಸ್ ಬೇರೆ, ವೈನ್ ಗ್ಲಾಸ್ ಬೇರೆ ಅಂದ್ರೆ ಫ್ಲೈಟಲ್ಲಿ ಎರಡೂ ಸೆಟ್ ಇರ್ಬೇಕು. ಮತ್ತೆ ಕ್ರೂ ಯಾಕೆ ಮಜ್ಜಿಗೆ ಗ್ಲಾಸ್ ತೊಳೆದು ಅದಕ್ಕೇ ಶಾಂಪೇನ್ ಹಾಕಿದ್ರು? ವೈನ್ ಗ್ಲಾಸ್ ಎಲ್ಲಿ ಹೋಯ್ತು?"

ಕಳ್ಳನೆಂದು ನಾನು ನಂಬಿದ್ದ ಮನುಷ್ಯ ಬುದ್ಧಿವಂತ ಪ್ರಶ್ನೆ ಕೇಳಿದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಸುನಂದಾ ಮಾತ್ರ ತಲೆಯಾಡಿಸಿದಳು. ಲಿಫ್ಟಿನಲ್ಲಿ ಅವಳನ್ನು ಕೊರೆಯುತ್ತಿದ್ದದ್ದೂ ಇದೇ ಎಂದು ಆಗ ಗೊತ್ತಾಯಿತು.

"ಪ್ರತಾಪ್, ಟ್ರಾಲಿ ಪ್ಯಾಕ್ ಮಾಡಿಸೋದು ನೀವು. ಬೆಂಗಳೂರು ಫ್ಲೈಟಿಗೆ ವೈನ್ ಗ್ಲಾಸ್ ಹೋಗುತ್ತಾ?"

"ಇಲ್ಲ ಮೇಡಂ. ಆ ಟ್ರೇ ಇಳಿಸಿಬಿಟ್ಟಿದ್ದೀವಿ. ವೈನನ್ನ ಎಕಾನಮಿಯ ಸಣ್ಣ ಗ್ಲಾಸಲ್ಲಿ ಕೊಡ್ತಾರೆ ಅಂದ್ಕೊಂಡಿದ್ದೆ."

"ಇಳಿಸೋಕೆ ಹೇಳಿದ್ದು ಯಾರು?"

ಪ್ರತಾಪ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಆಮೇಲೆ ಮೆಲ್ಲಗೆ, "ಯಶ್ಮಿತಾ ಮೇಡಂ," ಎಂದ.

ಯಶ್ಮಿತಾಳ ನಗು ಮುಖದಲ್ಲೇ ಒಣಗಿತು. ಅವಳು ನೆನಪಿಸಿಕೊಳ್ಳಲು ಹೆಣಗುತ್ತಿರುವುದು ಕಾಣುತ್ತಿತ್ತು.

"ಹೌದು," ಎಂದಳು. "ಹೌದು ಆಂಟಿ, ನಾನೇ. ಒಂದು ಮದುವೆ ಪಾರ್ಟಿ ಬುಕ್ ಆಗಿತ್ತು, ಬಿಸಿನೆಸ್ ಕ್ಲಾಸ್ ಪೂರ್ತಿ ಅವರೇ. ಬಾಟಲಿ ಸಾಕಾಗಲ್ಲ, ಗ್ಲಾಸಿನ ಟ್ರೇ ಇಳಿಸಿ ಆ ಜಾಗದಲ್ಲಿ ಇನ್ನೊಂದಿಷ್ಟು ಬಾಟಲಿ ಇಡಿ ಅಂದೆ. ಎಕಾನಮಿ ಗ್ಲಾಸ್ ಅಡ್ಜಸ್ಟ್ ಮಾಡಿ ಅಂತಾನೂ ಹೇಳಿದ್ದೆ."

"ಅಲ್ಲಿಗೆ ಮುಗೀತಲ್ಲ," ಎಂದ ಮನೀಷ್. ಅವನ ದನಿಯಲ್ಲಿ ಖುಷಿಯಿರಲಿಲ್ಲ, ಅದು ನನಗೆ ಇನ್ನಷ್ಟು ಕಸಿವಿಸಿ ಮಾಡಿತು. "ವೈನ್ ಒಳ್ಳೇದೇ ಇರಬಹುದು. ಅದನ್ನ ಕೆಡಿಸಿದ್ದು ಇವರೇ ಆದ್ರೆ ರಿಸಲ್ಟ್ ಒಂದೇ ಅಲ್ವಾ?"

"ಒಂದೇ ಫ್ಲೈಟಿಗೆ ಹೇಳಿದ್ದು!" ಯಶ್ಮಿತಾ ಎದ್ದು ನಿಂತಳು. ಕಣ್ಣು ತುಂಬಿತ್ತು. "ಆ ಒಂದು ದಿನಕ್ಕೆ ಮಾತ್ರ. ಪ್ರತಾಪ್, ನೆನಪು ಮಾಡ್ಕೊಳ್ಳಿ. ನನ್ನ ಮಗಳಾಣೆ, ಒಂದೇ ದಿನಕ್ಕೆ!"

ಸುಳ್ಳು ಹೇಳುವವರಿಗೆ ಹೀಗೆ ಧ್ವನಿ ನಡುಗುವುದಿಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ನನ್ನ ಮನಸ್ಸಿನ ಮಾತು ಕೇಳಿ ಯಾವ ಕಂಪನಿಯೂ ಯಾರ ಕೆಲಸವನ್ನೂ ಉಳಿಸುವುದಿಲ್ಲ. ಸುನಂದಾ ಎದ್ದು ಹೋಗಿ ಯಶ್ಮಿತಾಳ ಭುಜ ಹಿಡಿದು ಕೂರಿಸಿದಳು. ಅವಳ ಕೈಗೆ ಒಂದು ಲೋಟ ಮಜ್ಜಿಗೆ ಕೊಟ್ಟಳು.

"ಕುಡಿ, ಹೊಟ್ಟೆ ತಣ್ಣಗಾಗ್ಲಿ. ನಾನು ಕೇಳ್ತೀನಿ." ಅವಳು ಪ್ರತಾಪನ ಕಡೆ ತಿರುಗಿದಳು. "ಇವಳು ಹೇಳಿದ್ದು ನಿಜವಾ? ಒಂದೇ ಫ್ಲೈಟಿಗಾ?"

"ನಿಜ ಮೇಡಂ," ಎಂದ ಪ್ರತಾಪ್. "ಯಶ್ಮಿತಾ ಮೇಡಂ ಒಂದೇ ಅಂದಿದ್ರು. ಮಾರನೇ ದಿನ ನಾನು ವೈನ್ ಗ್ಲಾಸಿನ ಟ್ರೇ ವಾಪಸ್ ಹತ್ತಿಸಿದೆ, ನನ್ನ ಕೈಯಾರೆ."

ಯಶ್ಮಿತಾ ಮುಖ ಮುಚ್ಚಿಕೊಂಡು ಬಿಕ್ಕಿದಳು, ಅದು ನೆಮ್ಮದಿಯ ಅಳು. ನನ್ನ ಹೋದ ಜೀವವೂ ತಿರುಗಿ ಬಂತು. ಇನ್ನೊಂದು ಗುಟುಕು ಶಾಂಪೇನ್ ಹಾಕಿಕೊಳ್ಳಬೇಕೆನ್ನಿಸುವಷ್ಟು ಸಂತೋಷವಾಯಿತು.

"ಹತ್ತಿಸಿದ ಟ್ರೇ ಮತ್ತೆ ಹೇಗೆ ಇಳೀತು?"

"ಫೋನ್ ಬಂತು ಮೇಡಂ. ಇಳಿಸಿಬಿಡು, ಇನ್ನು ಮೇಲೆ ಆ ಟ್ರೇ ಬೇಡ ಅಂದ್ರು."

"ಯಾರು?"

ನಾನು ಮನೀಷನ ಮುಖ ನೋಡಿದೆ. ಯಶ್ಮಿತಾಳೂ ಅವನನ್ನೇ ನೋಡಿದಳು.

"ನನ್ನ ಯಾಕೆ ನೋಡ್ತೀರಾ?" ಎಂದ ಮನೀಷ್. "ನನ್ನ ಹತ್ರ ಇವರ ನಂಬರ್ ಕೂಡ ಇಲ್ಲ."

ಪ್ರತಾಪ್ ಅವನ ಕಡೆ ನೋಡುತ್ತಲೇ ಇರಲಿಲ್ಲ. ಟೋಪಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ತುದಿಯ ಮುಖ್ಯ ಕುರ್ಚಿಯ ಕಡೆ ನೋಡುತ್ತಿದ್ದ. ತಪ್ಪು ಮಾಡಿದವನ ಹಾಗಲ್ಲ, ಕೊಟ್ಟ ಮಾತು ಮುರಿಯಬೇಕಾಗಿ ಬಂದವನ ಹಾಗೆ ನಿಂತಿದ್ದ.

"ಶೋಭಾ ಮೇಡಂ," ಎಂದ ಅವನು, "ಯಶ್ಮಿತಾ ಮೇಡಂಗೆ ಗೊತ್ತಾಗೋದು ಬೇಡ ಅಂದಿದ್ರಿ ನೀವು. ಈಗ ಹೇಳ್ಬಹುದಾ?"